ವರ ಹೊತ್ತವರು, ವರ ತೂಗುವವರು

2004ರಲ್ಲಿ ಅಮೆರಿಕದ ಮೂವರು ಸಭಾನಾಯಕರು ಸೇರಿ ಒಂದು ಬಹಿರಂಗ ಹೇಳಿಕೆ ಹೊರಡಿಸಿದರು. ಪಾಲ್ ಕೇನ್ ಎಂಬ ವಯೋವೃದ್ಧ ಪ್ರವಾದಿ ಕುಡಿತಕ್ಕೆ ಬಿದ್ದಿದ್ದಾರೆ, ತಾವು ಬೋಧಿಸುವುದಕ್ಕೆ ವಿರುದ್ಧವಾದ ಬದುಕನ್ನು ಗುಟ್ಟಾಗಿ ನಡೆಸುತ್ತಿದ್ದಾರೆ, ಬುದ್ಧಿ ಹೇಳಿದರೂ ಕೇಳುತ್ತಿಲ್ಲ ಎಂಬುದು ಅದರ ಸಾರ. ಮರುವರ್ಷ ಕೇನ್ ತಪ್ಪೊಪ್ಪಿಕೊಂಡರು. ಹೇಳಿಕೆ ಕೊಟ್ಟ ಮೂವರಲ್ಲಿ ಒಬ್ಬರು ಮೈಕ್ ಬಿಕಲ್. ಕ್ಯಾನ್ಸಸ್ ಸಿಟಿಯಲ್ಲಿ 1999ರ ಸೆಪ್ಟೆಂಬರಿನಿಂದ ಹಗಲೂ ರಾತ್ರಿ ನಿಲ್ಲದ ಪ್ರಾರ್ಥನೆ ನಡೆಸಿ ಹೆಸರಾದ ಪ್ರಾರ್ಥನಾಲಯದ ಸ್ಥಾಪಕರು. 2023ರ ಅಕ್ಟೋಬರಿನಲ್ಲಿ ಅದೇ ಬಿಕಲ್ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಬಂತು. ಇಪ್ಪತ್ತು ವರ್ಷಗಳಿಗೂ ಹಿಂದೆ ತಾನು ಅನುಚಿತವಾಗಿ ನಡೆದುಕೊಂಡಿದ್ದು ನಿಜ ಎಂದಷ್ಟನ್ನು ಡಿಸೆಂಬರಿನಲ್ಲಿ ಅವರು ಒಪ್ಪಿಕೊಂಡರು. ಅದೇ ತಿಂಗಳು ಸಂಸ್ಥೆ ಅವರೊಂದಿಗೆ ಸಂಬಂಧ ಕಡಿದುಕೊಂಡಿತು. ಕೇನ್ ಅವರ ಗುಟ್ಟನ್ನು ಸಭೆಯ ಮುಂದಿಟ್ಟ ಹೊತ್ತಿನಲ್ಲಿ ಬಿಕಲ್ ತಮ್ಮ ಗುಟ್ಟನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದರು.

ನಾಯಕರ ಗತಿ ಹಾಗಿರಲಿ. ಆ ಪ್ರಾರ್ಥನಾಲಯದಲ್ಲಿ ವರ್ಷಗಟ್ಟಲೆ ಮೊಣಕಾಲೂರಿದ ಯುವಕ ಯುವತಿಯರ ಪಾಡೇನು? ಅಲ್ಲಿ ಅವರು ಅನ್ಯಭಾಷೆಯಲ್ಲಿ ಪ್ರಾರ್ಥಿಸಿದ್ದರು. ಯಾರೋ ಆಡಿದ ಪ್ರವಾದನೆಯ ಮಾತು ಅವರ ಬದುಕಿನ ದಾರಿ ಬದಲಿಸಿತ್ತು. ಕಾಯಿಲೆ ವಾಸಿಯಾಯಿತೆಂದು ಸಾಕ್ಷಿ ಹೇಳಿದ್ದರು. ನಾಯಕ ಸುಳ್ಳಾದ ಮೇಲೆ ಇದೆಲ್ಲವೂ ಸುಳ್ಳೇ? ಸುಳ್ಳಲ್ಲ ಎನ್ನುವುದಾದರೆ, ಯಾವ ಬಲದ ಮೇಲೆ?

ಪವಿತ್ರಾತ್ಮನ ವರಗಳು, ಅಂದರೆ ಪ್ರವಾದನೆ, ಅನ್ಯಭಾಷೆ, ಗುಣಪಡಿಸುವುದು ಮುಂತಾದವು ಇಂದಿಗೂ ಇವೆ ಎಂದು ನಂಬುವ ಕ್ರೈಸ್ತರು ಈ ಪ್ರಶ್ನೆಯನ್ನು ಹಿಂದೆಯೂ ಎದುರಿಸಿದ್ದಾರೆ. ಎರಡು ಸಾವಿರ ವರ್ಷಗಳ ಉತ್ತರಗಳು ಒಂದರ ಮೇಲೊಂದು ಕೂತಿವೆ. ಅವುಗಳಲ್ಲಿ ಒಂದು ಉತ್ತರ ಸರಿಯಾಗಿದ್ದೂ ಸಾಲದೆಹೋಯಿತು ಎಂಬುದು ನನ್ನ ತಿಳಿವಳಿಕೆ. ಆ ದಾರಿಯನ್ನೇ ಇಲ್ಲಿ ಹಿಡಿದು ನಡೆಯುತ್ತೇನೆ.

ಮೊದಲ ಸಾಕ್ಷ್ಯ ಕೊರಿಂಥದ್ದು. ಸುಮಾರು ಕ್ರಿ.ಶ. 55ರಲ್ಲಿ ಪೌಲ ಆ ಊರಿನ ಸಭೆಗೆ ಬರೆದ ಪತ್ರದ 12ರಿಂದ 14ನೆಯ ಅಧ್ಯಾಯಗಳೇ ವರಗಳ ಕುರಿತ ಎಲ್ಲ ಚರ್ಚೆಗೂ ಬುನಾದಿ. ಅದೇ ಪತ್ರದ ಐದನೆಯ ಅಧ್ಯಾಯದಲ್ಲಿ ತಂದೆಯ ಹೆಂಡತಿಯನ್ನು ಇಟ್ಟುಕೊಂಡವನ ಕಥೆಯಿದೆ. ಹನ್ನೊಂದನೆಯದರಲ್ಲಿ ಕರ್ತನ ಭೋಜನಕ್ಕೆ ಬಂದ ಉಳ್ಳವರು ಕುಡಿದು ಮತ್ತರಾದ, ಇಲ್ಲದವರು ಹಸಿದು ಕೂತ ಕಥೆಯಿದೆ. ನಿಮಗೆ ಯಾವ ವರಕ್ಕೂ ಕೊರತೆಯಿಲ್ಲ ಎಂದು ಹೊಗಳಿದ ಸಭೆಯನ್ನೇ ಪೌಲ ಹೀಗೆ ಬೈದ. ಆದರೂ ವರಗಳನ್ನು ನಿಲ್ಲಿಸಿ ಎನ್ನಲಿಲ್ಲ. ಆಸಕ್ತಿಯಿಂದ ಬಯಸಿ ಎಂದ. ಪ್ರವಾದಿಗಳಲ್ಲಿ ಇಬ್ಬರೋ ಮೂವರೋ ಮಾತಾಡಲಿ, ಉಳಿದವರು ಅದನ್ನು ವಿವೇಚಿಸಲಿ ಎಂದು 14ನೆಯ ಅಧ್ಯಾಯದಲ್ಲಿ ಕಟ್ಟಳೆ ಹಾಕಿದ. ಪ್ರವಾದನೆಯನ್ನು ತೂಗಿ ನೋಡುವ ಕೆಲಸ ಸಭೆಯದ್ದು. ಈ ಕಟ್ಟಳೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಇದನ್ನು ಮರೆತದ್ದರ ಕಥೆ.

ಯೇಸುವಿನದ್ದೆಂದು ಮತ್ತಾಯನ ಸುವಾರ್ತೆ ಕೊಡುವ ಎಚ್ಚರಿಕೆ ಇನ್ನೂ ಕಟುವಾದದ್ದು. ನಿನ್ನ ಹೆಸರಿನಲ್ಲಿ ಪ್ರವಾದಿಸಿದೆವು, ದೆವ್ವ ಬಿಡಿಸಿದೆವು ಎಂದು ಬಂದವರಿಗೆ, ನಿಮ್ಮ ಗುರುತೇ ನನಗಿಲ್ಲ ಎಂಬ ಉತ್ತರ ಸಿಗುತ್ತದೆ. ದೆವ್ವ ಬಿಟ್ಟದ್ದು ಸುಳ್ಳು ಎಂದು ಅಲ್ಲಿ ಹೇಳಿಲ್ಲ ಎಂಬುದು ಗಮನಿಸಬೇಕಾದ ಮಾತು. ಬಿಟ್ಟಿರಬಹುದು. ಬಿಡಿಸಿದವನ ಯೋಗ್ಯತೆಗೆ ಅದು ಪುರಾವೆಯಲ್ಲ, ಅಷ್ಟೇ. ಹಳೇ ಒಡಂಬಡಿಕೆಯ ಬಿಳಾಮನೂ ಕೂಲಿಗೆ ಶಪಿಸಲು ಹೊರಟವನೇ. ಅವನ ಬಾಯಿಂದ ನಿಜವಾದ ಪ್ರವಾದನೆ ಬಂತು. ಅವನಿಗಿಂತ ಮೊದಲು ದೂತನನ್ನು ಕಂಡದ್ದು ಅವನ ಕತ್ತೆ.

ಒಂದನೆಯ ಶತಮಾನದ ಕೊನೆಗೋ ಎರಡನೆಯದರ ಮೊದಲಿಗೋ ಸೇರುವ ‘ದಿದಾಖೆ’ ಎಂಬ ಪುಟ್ಟ ಕೈಪಿಡಿಯ ಹಸ್ತಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಸಿಕ್ಕಿ, 1883ರಲ್ಲಿ ಅಚ್ಚಾಯಿತು. ಅದರ ನಿಯಮಗಳನ್ನು ಓದಿದರೆ ನಗು ಬರುತ್ತದೆ, ಹಿಂದೆಯೇ ಗೌರವವೂ ಬರುತ್ತದೆ. ಊರೂರು ತಿರುಗುವ ಸೇವಕ ಒಂದು ದಿನ ಇರಲಿ, ಬೇಕಾದರೆ ಎರಡು ದಿನ. ಮೂರು ದಿನ ಉಳಿದರೆ ಅವನು ಸುಳ್ಳುಪ್ರವಾದಿ. ಹೊರಡುವಾಗ ಹಣ ಕೇಳಿದರೆ ಸುಳ್ಳುಪ್ರವಾದಿ. ಆತ್ಮಾವೇಶದಲ್ಲಿ ಊಟಕ್ಕೆ ಅಪ್ಪಣೆ ಮಾಡಿ, ಅದನ್ನು ತಾನೇ ಉಂಡರೂ ಸುಳ್ಳುಪ್ರವಾದಿ. ಆವೇಶದಲ್ಲಿ ಮಾತಾಡುವವರೆಲ್ಲ ಪ್ರವಾದಿಗಳಲ್ಲ, ಕರ್ತನ ನಡತೆಯುಳ್ಳವನೇ ಪ್ರವಾದಿ ಎಂಬುದು ಅದರ ಅಳತೆಗೋಲು. ಕಾಣಿಕೆ ಪೆಟ್ಟಿಗೆಗೂ ಪ್ರವಾದನೆಗೂ ಇರುವ ನಂಟನ್ನು ಆ ಹಳ್ಳಿಗಾಡಿನ ವಿಶ್ವಾಸಿಗಳು ಆಗಲೇ ಕಂಡುಕೊಂಡಿದ್ದರು.

ಎರಡನೆಯ ಶತಮಾನದಲ್ಲಿ ಫ್ರುಗ್ಯ ಸೀಮೆಯ ಮೊಂಟಾನಸ್, ಅವನ ಜೊತೆಗಿದ್ದ ಪ್ರಿಸ್ಕಿಲ್ಲ, ಮ್ಯಾಕ್ಸಿಮಿಲ್ಲ ಎಂಬ ಪ್ರವಾದಿನಿಯರು ದೊಡ್ಡ ಅಲೆ ಎಬ್ಬಿಸಿದರು. ಅವರನ್ನು ವಿರೋಧಿಸಿದವರು ಬೋಧನೆಯನ್ನಷ್ಟೇ ಕೆದಕಲಿಲ್ಲ. ಪ್ರವಾದಿ ಕಾಣಿಕೆ ವಸೂಲಿ ಮಾಡಬಹುದೆ, ಕೂದಲಿಗೆ ಬಣ್ಣ ಹಚ್ಚಬಹುದೆ, ಪಗಡೆಯಾಡಬಹುದೆ ಎಂದು ಕೇಳಿದರು. ಆ ಚಳವಳಿ ಸೋತ ಮೇಲೆ ಸಭೆಯಲ್ಲಿ ಬಿಷಪರ ಅಧಿಕಾರ ಬಲವಾಯಿತು, ಪ್ರವಾದಿಯ ಮಾತಿನ ಮೇಲೆ ಅನುಮಾನ ಉಳಿಯಿತು.

ಈಗ ಆ ಸರಿಯಾದ ಉತ್ತರಕ್ಕೆ ಬರೋಣ. 303ರಲ್ಲಿ ರೋಮಿನ ದೊರೆ ಡಯೊಕ್ಲೀಷಿಯನ್ ಕ್ರೈಸ್ತರನ್ನು ಹಿಂಸಿಸಿದಾಗ ಉತ್ತರ ಆಫ್ರಿಕದ ಕೆಲವು ಪಾದ್ರಿಗಳು ಹೆದರಿ ಧರ್ಮಗ್ರಂಥಗಳನ್ನು ಅಧಿಕಾರಿಗಳ ಕೈಗೆ ಒಪ್ಪಿಸಿದರು. ಅಂಥ ದ್ರೋಹಿಗಳು ಕೊಟ್ಟ ದೀಕ್ಷಾಸ್ನಾನ, ಇಟ್ಟ ಹಸ್ತಾರ್ಪಣೆ ಊರ್ಜಿತವೇ? ಅಲ್ಲ ಎಂದರು ಡೊನಾಟಿಸ್ಟರೆಂಬ ಪಂಗಡದವರು. ಹೌದು, ಏಕೆಂದರೆ ಸಂಸ್ಕಾರ ಕ್ರಿಸ್ತನದ್ದು, ಪಾದ್ರಿಯದ್ದಲ್ಲ ಎಂದು ಹಿಪ್ಪೊ ಪಟ್ಟಣದ ಬಿಷಪ್ ಅಗಸ್ಟಿನ್ ವಾದಿಸಿದರು. ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಇದೇ ದಿಕ್ಕಿನ ವಿವೇಚನೆಯನ್ನು ವರಗಳ ಪ್ರಶ್ನೆಗೆ ತಂದರು. ಕೃಪೆಯಲ್ಲಿ ಎರಡು ಬಗೆ: ಮನುಷ್ಯನನ್ನು ದೇವರಿಗೆ ಮೆಚ್ಚುಗೆಯಾಗಿಸುವ ಕೃಪೆ ಒಂದು, ಬೇರೆಯವರ ಹಿತಕ್ಕಾಗಿ ಒಬ್ಬನ ಕೈಯಲ್ಲಿಡುವ ಕೃಪೆ ಇನ್ನೊಂದು. ಪ್ರವಾದನೆ ಎರಡನೆಯ ಬಗೆಯದು. ಆದ್ದರಿಂದ ಪ್ರೀತಿಯಿಲ್ಲದವನಲ್ಲೂ ಅದು ಇರಬಲ್ಲದು. ನೀರು ತಂದವನ ಕೈ ಕೊಳಕಾದರೂ ಕುಡಿದವನ ದಾಹ ಇಂಗಿದ್ದು ಸುಳ್ಳಾಗುವುದಿಲ್ಲ.

ಕ್ಯಾನ್ಸಸ್ ಸಿಟಿಯಲ್ಲಿ ಮೊಣಕಾಲೂರಿದ ಹುಡುಗಿಗೆ ಇದು ದೊಡ್ಡ ಸಮಾಧಾನ. ಆದರೆ ಅದೇ ಮಾತು ನಾಯಕರ ಕೈಗೆ ಸಿಕ್ಕಾಗ ಗುರಾಣಿಯಾಯಿತು. ‘ದೇವರು ನಮ್ಮಂಥ ಮಣ್ಣಿನ ಪಾತ್ರೆಗಳನ್ನು ಬಳಸುತ್ತಾನೆ’ ಎಂದು ತಪ್ಪು ಮಾಡಿದವರೇ ಹೇಳತೊಡಗಿದರೆ ಅದರ ಅರ್ಥವೇ ಬೇರೆ. ಅಗಸ್ಟಿನ್ ಆ ವಾದವನ್ನು ಕಟ್ಟಿದ್ದು ಸಂಸ್ಕಾರ ಪಡೆದ ಸಾಮಾನ್ಯರ ನೆಮ್ಮದಿಗಾಗಿ, ಕೊಟ್ಟವರ ಕುರ್ಚಿ ಉಳಿಸಲು ಅಲ್ಲ.

ಅಗಸ್ಟಿನ್ ಬಗ್ಗೆ ಇನ್ನೊಂದು ಮಾತು. ಅಪೊಸ್ತಲರ ಕಾಲದ ಅದ್ಭುತಗಳು ನಿಂತುಹೋದವು ಎಂದು ಮೊದಮೊದಲ ಬರಹಗಳಲ್ಲಿ ಹೇಳಿದವರು, ಮುಪ್ಪಿನಲ್ಲಿ ‘ದೇವರ ನಗರ’ದ ಕೊನೆಯ ಸಂಪುಟದಲ್ಲಿ ತಮ್ಮ ಹಿಪ್ಪೊ ಪಟ್ಟಣದಲ್ಲೇ ಎರಡು ವರ್ಷಗಳೊಳಗೆ ಸುಮಾರು 70 ಅದ್ಭುತಗಳು ದಾಖಲಾದವೆಂದು ಬರೆದರು. ದಾಖಲಾದವು ಎಂಬ ಮಾತು ಮುಖ್ಯ. ವಾಸಿಯಾದವರಿಂದ ಬರೆಸಿಕೊಂಡು ಅದನ್ನು ಸಭೆಯ ಮುಂದೆ ಓದಿಸುವ ಪದ್ಧತಿಯನ್ನು ಅವರು ತಂದಿದ್ದರು.

ನಡುವಿನ ಶತಮಾನಗಳನ್ನು ಬೇಗ ದಾಟುತ್ತೇನೆ. ಗುಣಪಡಿಸುವ ವರ ಮರೆಯಾಯಿತು ಎಂದರು ಕ್ಯಾಲ್ವಿನ್. ನ್ಯೂ ಇಂಗ್ಲೆಂಡಿನ ಜೊನಾಥನ್ ಎಡ್ವರ್ಡ್ಸ್ ಕೂಡ ಆ ಪಕ್ಷದವರೇ. ಆದರೆ ತಮ್ಮ ಕಾಲದ ಧಾರ್ಮಿಕ ಉಜ್ಜೀವನದಲ್ಲಿ ಜನ ನಡುಗಿದರು, ಬಿದ್ದರು, ಕಿರುಚಿದರು ಎಂದು ಉಳಿದವರು ಹೀಗಳೆದಾಗ, 1741ರಲ್ಲಿ ಯೇಲ್ ಕಾಲೇಜಿನಲ್ಲಿ ಅವರು ಮಾಡಿದ ಉಪನ್ಯಾಸ ಇವತ್ತಿಗೂ ಈ ಚರ್ಚೆಯ ಆಧಾರಗ್ರಂಥ. ಮೈ ನಡುಗಿದ್ದು ಆತ್ಮನ ಕೆಲಸಕ್ಕೆ ಪುರಾವೆಯೂ ಅಲ್ಲ, ವಿರುದ್ಧದ ಪುರಾವೆಯೂ ಅಲ್ಲ. ಕೆಲವರು ದಾರಿ ತಪ್ಪಿದರೆಂದು ಇಡೀ ಕೆಲಸ ಸುಳ್ಳಾಗದು ಎಂದರು. ಎರಡು ವರ್ಷ ಕಳೆಯುವಷ್ಟರಲ್ಲಿ ಜೇಮ್ಸ್ ಡೆವನ್‌ಪೋರ್ಟ್ ಎಂಬ ಬೋಧಕ ನ್ಯೂ ಲಂಡನ್ ಪಟ್ಟಣದಲ್ಲಿ ಪುಸ್ತಕಗಳ ರಾಶಿಗೆ ಬೆಂಕಿ ಹಚ್ಚಿಸಿ, ತನ್ನ ಚಲ್ಲಣವನ್ನೂ ಬೆಂಕಿಗೆ ಕೊಡಲು ಹೊರಟು ಎಡ್ವರ್ಡ್ಸ್ ಅವರ ಮಾತಿಗೆ ಉದಾಹರಣೆ ಒದಗಿಸಿದ. ಮರುವರ್ಷ ತಪ್ಪಾಯಿತೆಂದು ಬರೆದುಕೊಟ್ಟ. ಇಷ್ಟು ಸೂಕ್ಷ್ಮವಾಗಿ ಆತ್ಮಗಳನ್ನು ವಿವೇಚಿಸಿದ ಎಡ್ವರ್ಡ್ಸ್ ಮನೆಯಲ್ಲಿ ದುಡ್ಡು ಕೊಟ್ಟು ಕೊಂಡ ಗುಲಾಮರಿದ್ದರು ಎಂಬುದನ್ನೂ ಈ ಸಮೀಕ್ಷೆಯಲ್ಲಿ ಸೇರಿಸಲೇಬೇಕು.

1918ರಲ್ಲಿ ಪ್ರಿನ್ಸ್‌ಟನ್ನಿನ ಬಿ. ಬಿ. ವಾರ್ಫೀಲ್ಡ್ ಬರೆದ ‘ಕೌಂಟರ್‌ಫೀಟ್ ಮಿರಕಲ್ಸ್’ ವರಗಳು ನಿಂತವು ಎನ್ನುವವರ ಕೋಟೆಯಾಯಿತು. ಅಪೊಸ್ತಲರಿಗೆ ಮುದ್ರೆಯಾಗಿ ಬಂದ ವರಗಳು ಅವರೊಂದಿಗೇ ಮುಗಿದವು ಎಂಬುದು ಅದರ ವಾದ. ಅಷ್ಟರಲ್ಲಿ ಜಗತ್ತು ಬೇರೆ ದಿಕ್ಕಿಗೆ ಹೊರಟಿತ್ತು.

ಅನ್ಯಭಾಷೆಯೇ ಪವಿತ್ರಾತ್ಮನ ದೀಕ್ಷಾಸ್ನಾನದ ಗುರುತು ಎಂಬ ಪೆಂತೆಕೊಸ್ತ್ ಸಿದ್ಧಾಂತವನ್ನು 1901ರಲ್ಲಿ ಕ್ಯಾನ್ಸಸ್ ರಾಜ್ಯದ ಟೊಪೀಕದಲ್ಲಿ ರೂಪಿಸಿದವರು ಚಾರ್ಲ್ಸ್ ಪಾರಮ್. ಅವರ ಹ್ಯೂಸ್ಟನ್ ಶಾಲೆಗೆ ಬಂದ ವಿಲಿಯಂ ಸೀಮೋರ್, ಗುಲಾಮರಾಗಿದ್ದ ತಂದೆತಾಯಿಯ ಮಗ. ಕರಿಯನೆಂಬ ಕಾರಣಕ್ಕೆ ತರಗತಿಯ ಬಾಗಿಲ ಹೊರಗೆ ಕೂತು ಪಾಠ ಕೇಳಿದರು. 1906ರ ಏಪ್ರಿಲಿನಲ್ಲಿ ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ ಅದೇ ಸೀಮೋರ್ ನಡೆಸಿದ ಕೂಟದಲ್ಲಿ ಕರಿಯರು, ಬಿಳಿಯರು, ಮೆಕ್ಸಿಕನ್ನರು ಒಟ್ಟಿಗೆ ಮೊಣಕಾಲೂರಿದರು. ಅದನ್ನು ನೋಡಲು ಬಂದ ಪಾರಮ್ ಬೆರಕೆಯನ್ನು ಕಂಡು ಜುಗುಪ್ಸೆಪಟ್ಟರು. ಮರುವರ್ಷ ಸ್ಯಾನ್ ಆಂಟೋನಿಯೊದಲ್ಲಿ ನೈತಿಕ ಅಪರಾಧದ ಆರೋಪದ ಮೇಲೆ ಬಂಧನಕ್ಕೂ ಒಳಗಾದರು. ಮೊಕದ್ದಮೆ ನಿಲ್ಲಲಿಲ್ಲ, ಆದರೆ ಹೆಸರು ಕೆಟ್ಟಿತು. ಸಿದ್ಧಾಂತದ ಜನಕನ ಹೆಸರು ಮಸುಕಾಯಿತು, ಬಾಗಿಲಾಚೆ ಕೂತವನ ಕೂಟ ಲೋಕಕ್ಕೆ ಹಬ್ಬಿತು. ನಾಯಕ ಕೆಟ್ಟ ಮಾತ್ರಕ್ಕೆ ವರ ಕೆಡುವುದಿಲ್ಲ ಎನ್ನುವವರಿಗೆ ಇದಕ್ಕಿಂತ ಗಟ್ಟಿಯಾದ ಉದಾಹರಣೆ ಇಲ್ಲ.

ಅಜೂಸಾಗಿಂತ ಮೊದಲೇ, 1905ರ ಜೂನ್ ಕೊನೆಯಲ್ಲಿ, ಪುಣೆಯ ಬಳಿ ಕೇಡಗಾಂವದ ಮುಕ್ತಿ ಆಶ್ರಮದಲ್ಲಿ ಉಜ್ಜೀವನ ಹೊತ್ತಿಕೊಂಡಿತ್ತು. ಅದನ್ನು ಕಟ್ಟಿದ ಪಂಡಿತಾ ರಮಾಬಾಯಿ ನಮ್ಮ ಘಟ್ಟದ ಮಗಳು. 1858ರಲ್ಲಿ ಗಂಗಾಮೂಲದಲ್ಲಿ ಹುಟ್ಟಿದವರು, ತಂದೆ ಅನಂತಶಾಸ್ತ್ರಿ ಡೋಂಗ್ರೆಯವರ ಊರು ಕಾರ್ಕಳದ ಬಳಿಯ ಮಾಳ. ಬರಗಾಲದಿಂದ ಉಳಿಸಿ ತಂದ ಹುಡುಗಿಯರು, ವಿಧವೆಯರು ಅಲ್ಲಿ ಅತ್ತರು, ಪ್ರಾರ್ಥಿಸಿದರು, ಮುಂದೆ ಅನ್ಯಭಾಷೆಯಲ್ಲೂ ಮಾತಾಡಿದರು. ರಮಾಬಾಯಿ ಅದನ್ನು ಅಡ್ಡಿಪಡಿಸಲಿಲ್ಲ, ಹಾಗೆಂದು ಅನ್ಯಭಾಷೆ ಎಲ್ಲರಿಗೂ ಕಡ್ಡಾಯದ ಗುರುತು ಎಂದು ಒಪ್ಪಲೂ ಇಲ್ಲ. ಪ್ರೀತಿಯೇ ಗುರುತು ಎಂದರು. ಸಹೋದ್ಯೋಗಿ ಮಿನ್ನಿ ಏಬ್ರಮ್ಸ್ ಇದರ ಬಗ್ಗೆ ಬರೆದ ಪುಸ್ತಿಕೆ ಚಿಲಿ ದೇಶದ ವಾಲ್ಪರೈಸೊಗೆ ತಲುಪಿ, 1909ರ ಅಲ್ಲಿನ ಪೆಂತೆಕೊಸ್ತ್ ಉಜ್ಜೀವನಕ್ಕೆ ಕಿಡಿಯಾಯಿತು. ಮುಕ್ತಿಯಲ್ಲಿ ವರ ಬಂದದ್ದು ಬಹುಪಾಲು ಹೆಸರೇ ಉಳಿಯದ ಹುಡುಗಿಯರಿಗೆ. ಅವರಲ್ಲಿ ಯಾರೂ ವೇದಿಕೆ ಹತ್ತಲಿಲ್ಲ. ಈ ಲೇಖನದ ಉಳಿದ ಹೆಸರುಗಳ ನಡುವೆ ಅದು ಸಣ್ಣ ವ್ಯತ್ಯಾಸವಲ್ಲ.

ಎರಡನೆಯ ಮಹಾಯುದ್ಧದ ನಂತರ ದೊಡ್ಡ ಡೇರೆಗಳ ಸ್ವಸ್ಥತಾ ಕೂಟಗಳು ಬಂದವು, ಆಮೇಲೆ ಟಿ.ವಿ. ಬಂತು. ಸಭೆಯ ವರ ಒಬ್ಬನ ವರವಾದದ್ದು ಇಲ್ಲಿ. 1986ರಲ್ಲಿ ಜಾದೂಗಾರ ಜೇಮ್ಸ್ ರಾಂಡಿ ಹೊರಗೆಡವಿದ ಪೀಟರ್ ಪೊಪಾಫ್ ಪ್ರಕರಣ ಅದರ ಅಪ್ಪಟ ಮಾದರಿ. ಸಭಿಕರ ಹೆಸರು, ಕಾಯಿಲೆ, ಮನೆ ವಿಳಾಸವನ್ನು ‘ದೇವರು ತಿಳಿಸಿದಂತೆ’ ಪೊಪಾಫ್ ಹೇಳುತ್ತಿದ್ದ. ರಾಂಡಿಯ ತಂಡ ರೇಡಿಯೋ ಉಪಕರಣ ಇಟ್ಟು ಹುಡುಕಿದಾಗ 39.17 ಮೆಗಾಹರ್ಟ್ಸ್‌ನಲ್ಲಿ ಅವನ ಹೆಂಡತಿ ಪ್ರಾರ್ಥನಾ ಚೀಟಿಗಳನ್ನು ಗಂಡನ ಕಿವಿಗೆ ಓದುತ್ತಿದ್ದದ್ದು ಸಿಕ್ಕಿತು. 1987ರಲ್ಲಿ ಆತ ದಿವಾಳಿ ಅರ್ಜಿ ಹಾಕಿದ. ಕೆಲವು ವರ್ಷಗಳ ನಂತರ ಪವಾಡದ ನೀರಿನ ಪೊಟ್ಟಣ ಹಂಚುತ್ತ ಟಿ.ವಿ.ಗೆ ಮರಳಿದ, ಜನ ಹಣ ಕಳಿಸಿದರು. ಬಯಲಾದದ್ದಷ್ಟೇ ಸಾಲದು ಎಂಬುದಕ್ಕೆ ಇದೂ ಒಂದು ಪಾಠ.

1987ರಲ್ಲಿ ಟಿ.ವಿ. ಬೋಧಕ ಜಿಮ್ ಬೇಕರ್ ಹಗರಣದಲ್ಲಿ ಬಿದ್ದರು. 1989ರಲ್ಲಿ ವಂಚನೆಗಾಗಿ 45 ವರ್ಷಗಳ ಸಜೆಯಾಯಿತು. ಅದು ಮುಂದೆ ಇಳಿದು, 1994ರಲ್ಲಿ ಹೊರಬಂದರು. 1988ರ ಫೆಬ್ರುವರಿಯಲ್ಲಿ ಇನ್ನೊಬ್ಬ ಟಿ.ವಿ. ಬೋಧಕ ಜಿಮ್ಮಿ ಸ್ವಾಗರ್ಟ್ ಪಾಪ ಮಾಡಿದೆನೆಂದು ಕ್ಯಾಮೆರಾ ಮುಂದೆ ಕಣ್ಣೀರಿಟ್ಟರು. ಅವರ ಪಂಗಡವಾದ ಅಸೆಂಬ್ಲೀಸ್ ಆಫ್ ಗಾಡ್ ಒಂದು ವರ್ಷ ಬೋಧಿಸಬಾರದೆಂದಿತು, ಅವರು ಒಪ್ಪಲಿಲ್ಲ, ಪಂಗಡ ಅವರ ದೀಕ್ಷೆ ಕಿತ್ತುಕೊಂಡಿತು. ಪಂಗಡ ತೂಗುವ ಕೆಲಸ ಮಾಡಿತು ಎನ್ನಲೇಬೇಕು. ಆದರೆ ಸ್ವಂತ ಟಿ.ವಿ., ಸ್ವಂತ ಸಭೆ ಇದ್ದವರಿಗೆ ಆ ತಕ್ಕಡಿಯ ಹಂಗೇ ಇರಲಿಲ್ಲ.

ಈ ಹಗರಣಗಳ ಕಾಲದಲ್ಲೇ ವರಗಳನ್ನು ನಂಬುವವರೊಳಗಿನ ಪಾಂಡಿತ್ಯ ಬೆಳೆಯಿತು ಎಂಬುದು ಹೊರಗಿನವರಿಗೆ ಹೆಚ್ಚು ತಿಳಿದಿಲ್ಲ. ಅಸೆಂಬ್ಲೀಸ್ ಆಫ್ ಗಾಡ್‌ನಲ್ಲೇ ದೀಕ್ಷೆ ಪಡೆದ ಹೊಸ ಒಡಂಬಡಿಕೆಯ ವಿದ್ವಾಂಸ ಗಾರ್ಡನ್ ಫೀ, ಹಣ ಮತ್ತು ಆರೋಗ್ಯದ ಭರವಸೆ ಮಾರುವ ಬೋಧನೆಯನ್ನು ರೋಗ ಎಂದೇ ಕರೆದರು. 1994ರಲ್ಲಿ ಪೌಲನ ಪತ್ರಗಳಲ್ಲಿ ಪವಿತ್ರಾತ್ಮನ ಬಗ್ಗೆ ಅವರು ಬರೆದ ಬೃಹತ್ ಗ್ರಂಥ ವರಗಳನ್ನು ವ್ಯಕ್ತಿಯಿಂದ ಬಿಡಿಸಿ ಮತ್ತೆ ಸಮುದಾಯಕ್ಕೆ ತಂದಿತು. ವೇಯ್ನ್ ಗ್ರೂಡೆಮ್ 1988ರಲ್ಲಿ, ಸಭೆಯ ಪ್ರವಾದನೆ ತಪ್ಪಾಗಬಲ್ಲದು, ಆದ್ದರಿಂದಲೇ ಅದನ್ನು ಪರೀಕ್ಷಿಸಬೇಕು ಎಂದು ವಾದಿಸಿದರು. ಹಾಗಾದರೆ ‘ದೇವರು ಹೀಗೆ ಹೇಳುತ್ತಾನೆ’ ಎಂದು ಗುಡುಗುವ ಹಕ್ಕು ಯಾರಿಗೂ ಇಲ್ಲವೆಂದಾಯಿತು. ತಪ್ಪು ನುಡಿದವರಿಗೆ ಇದು ಜಾರಿಕೊಳ್ಳುವ ದಾರಿ ಎಂದು ವಿರೋಧಿಗಳು ದೂರಿದರು. ಅದರಲ್ಲೂ ಹುರುಳಿದೆ.

2008ರಲ್ಲಿ ಫ್ಲಾರಿಡದ ಲೇಕ್‌ಲ್ಯಾಂಡಿನಲ್ಲಿ ಟಾಡ್ ಬೆಂಟ್ಲಿಯ ಸ್ವಸ್ಥತಾ ಕೂಟಗಳು ಏಪ್ರಿಲಿನಲ್ಲಿ ಶುರುವಾಗಿ, ಜೂನ್‌ನಲ್ಲಿ ಹಿರಿಯ ನಾಯಕರು ವೇದಿಕೆಯಲ್ಲೇ ಆತನಿಗೆ ಮನ್ನಣೆ ಕೊಟ್ಟು, ಆಗಸ್ಟಿನಲ್ಲಿ ಆತನ ಸಂಸಾರ ಒಡೆದು ಆತ ಹಿಂದೆ ಸರಿಯಬೇಕಾಯಿತು. 2013ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯದ ಬೋಧಕ ಜಾನ್ ಮೆಕಾರ್ಥರ್ ‘ಸ್ಟ್ರೇಂಜ್ ಫೈರ್’ ಸಮ್ಮೇಳನ ನಡೆಸಿ ಇಡೀ ಚಳವಳಿಯನ್ನೇ ತಿರಸ್ಕರಿಸಿದರು. ಹಗರಣಗಳ ಪಟ್ಟಿ ಅವರಿಗೆ ದೊಡ್ಡ ಆಯುಧವಾಗಿತ್ತು. ನನಗೆ ಇದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ ಕಾಣುತ್ತದೆ. ಮೂಗು ಕೊಯ್ದ ಮನೆಯಲ್ಲೂ ನೆಗಡಿ ನಿಂತಿರಲಿಲ್ಲ. ಅಮೆರಿಕದ ದಕ್ಷಿಣದ ಬ್ಯಾಪ್ಟಿಸ್ಟರು ಖಾಸಗಿಯಾಗಿ ಅನ್ಯಭಾಷೆಯಲ್ಲಿ ಪ್ರಾರ್ಥಿಸುವವರನ್ನು 2005ರಿಂದ 2015ರವರೆಗೆ ಮಿಷನರಿಗಳಾಗಿ ತೆಗೆದುಕೊಳ್ಳಲೇ ಇಲ್ಲ. ಅದೇ ಪಂಗಡದ ಕಚೇರಿಯಲ್ಲಿ ದೌರ್ಜನ್ಯದ ಆರೋಪ ಹೊತ್ತ 700ಕ್ಕೂ ಹೆಚ್ಚು ಹೆಸರುಗಳ ಗುಪ್ತ ಪಟ್ಟಿ ಇತ್ತೆಂದು 2022ರ ಮೇ ತಿಂಗಳ ತನಿಖಾ ವರದಿ ತೋರಿಸಿತು. ಚೆನ್ನೈಯಲ್ಲಿ ಹುಟ್ಟಿದ ರವಿ ಜಕರಾಯಸ್ ಪ್ರವಾದಿಯಲ್ಲ, ತರ್ಕದಿಂದ ವಿಶ್ವಾಸವನ್ನು ಸಮರ್ಥಿಸಿದ ವಾಗ್ಮಿ. ಅವರು ತೀರಿಕೊಂಡ ಮರುವರ್ಷ, 2021ರಲ್ಲಿ, ಅವರ ಸಂಸ್ಥೆಯೇ ಮಾಡಿಸಿದ ತನಿಖೆ ಅವರ ಲೈಂಗಿಕ ದುರ್ನಡತೆಯನ್ನು ದೃಢಪಡಿಸಿತು. ಪ್ರಶ್ನೆ ಕೇಳುವವರಿಲ್ಲದ ಅಧಿಕಾರ ಎಲ್ಲಿದ್ದರೂ ಕೊಳೆಯಿತು.

ಹಾಗೆಂದು ವರಗಳನ್ನು ನಂಬುವವರು ಇಷ್ಟಕ್ಕೇ ಸಮಾಧಾನಪಟ್ಟುಕೊಳ್ಳುವಂತಿಲ್ಲ. ಪ್ರವಾದನೆಯ ಮಾತು ಅಧಿಕಾರಕ್ಕೆ ವಿಶೇಷ ಬೀಗದ ಕೈ. ಬ್ಯಾಪ್ಟಿಸ್ಟ್ ಬೋಧಕ ಹುಡುಗಿಯೊಬ್ಬಳಿಗೆ ‘ನಾನು ಹೇಳುತ್ತೇನೆ’ ಎನ್ನಬಹುದು. ಪ್ರವಾದಿ ‘ದೇವರು ಹೇಳಿದ್ದಾನೆ’ ಎನ್ನುತ್ತಾನೆ. ಬಿಕಲ್ ಮೇಲಿನ ಆರೋಪಗಳಲ್ಲಿ ಕೇಳಿಬಂದದ್ದೂ ಇಂಥದ್ದೇ. ದಕ್ಷಿಣ ಆಫ್ರಿಕದಲ್ಲಿ 2016ರಲ್ಲಿ ಪ್ರವಾದಿಯೊಬ್ಬ ಗುಣಪಡಿಸುತ್ತೇನೆಂದು ಜನರ ಮುಖಕ್ಕೆ ಕೀಟನಾಶಕ ಸಿಂಪಡಿಸಿದ. ನಮ್ಮ ಪಂಜಾಬಿನಲ್ಲಿ ಸ್ವಸ್ಥತಾ ಕೂಟಗಳಿಂದ ಪ್ರಸಿದ್ಧನಾದ ಬಜಿಂದರ್ ಸಿಂಗ್‌ಗೆ 2018ರ ಅತ್ಯಾಚಾರ ಪ್ರಕರಣದಲ್ಲಿ ಮೊಹಾಲಿಯ ನ್ಯಾಯಾಲಯ 2025ರ ಏಪ್ರಿಲ್ 1ರಂದು ಜೀವಾವಧಿ ಶಿಕ್ಷೆ ವಿಧಿಸಿತು.

ಇಲ್ಲಿಂದ ಚರ್ಚೆಯ ದಿಕ್ಕು ಬದಲಾಗಿದೆ. ವರ ನಿಜವೇ ಸುಳ್ಳೇ ಎಂಬುದರ ಬದಲು, ತೂಗುವವರು ಯಾರು ಎಂಬ ಪ್ರಶ್ನೆ ಮುಂದೆ ಬಂದಿದೆ. 2020ರ ಅಮೆರಿಕದ ಚುನಾವಣೆಯಲ್ಲಿ ಟ್ರಂಪ್ ಗೆಲ್ಲುತ್ತಾರೆ ಎಂದ ಪ್ರವಾದಿಗಳ ಮಾತು ಹುಸಿಯಾದ ಮೇಲೆ, 2021ರಲ್ಲಿ ಮೈಕಲ್ ಬ್ರೌನ್ ಮುಂತಾದವರು ಪ್ರವಾದನೆಗೆ ನೀತಿಸಂಹಿತೆಯೊಂದನ್ನು ಪ್ರಕಟಿಸಿದರು: ಸುಳ್ಳಾದರೆ ಬಹಿರಂಗವಾಗಿ ಒಪ್ಪಿಕೊಳ್ಳಬೇಕು. ಮೆಕಾರ್ಥರ್‌ಗೆ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟವರೂ ಇದೇ ಬ್ರೌನ್. 2024ರ ಕೊನೆಯಲ್ಲಿ ಅವರ ಮೇಲೂ ಹಳೆಯ ಅನುಚಿತ ವರ್ತನೆಯ ಆರೋಪ ಬಂತು. ವಿವೇಕ ತಪ್ಪಿದೆ ಎಂದು ಒಪ್ಪಿದರು, ಲೈಂಗಿಕ ದುರುದ್ದೇಶವನ್ನು ನಿರಾಕರಿಸಿದರು. ಸಂಹಿತೆ ಬರೆದವರೇ ಕಾವಲು ಕಾಯುವುದರಲ್ಲಿ ಇರುವ ತೊಡಕು ಇದು.

ಇಂಗ್ಲೆಂಡಿನ ಅನುಭವ ಹೆಚ್ಚು ಕಲಿಸುತ್ತದೆ. ವಾಟ್‌ಫರ್ಡಿನ ಸೋಲ್ ಸರ್ವೈವರ್ ಚಳವಳಿಯ ಮೈಕ್ ಪಿಲಾವಾಚಿ 1993ರಿಂದ ತರುಣ ತಲೆಮಾರುಗಳಿಗೆ ವರಗಳ ರುಚಿ ತೋರಿಸಿದವರು. 2023ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡ್ ಚರ್ಚಿನ ಸುರಕ್ಷಾ ವಿಭಾಗ, ಅವರು ಅಧಿಕಾರವನ್ನು ದುರ್ಬಳಕೆ ಮಾಡಿ ಯುವಕರನ್ನು ನಿಯಂತ್ರಿಸಿದರು, ಅವರೊಂದಿಗೆ ಕುಸ್ತಿ, ಮಸಾಜಿನಂಥ ಅನುಚಿತ ಸಲಿಗೆ ನಡೆಸಿದರು ಎಂಬ ಆರೋಪಗಳನ್ನು ಎತ್ತಿಹಿಡಿಯಿತು. 2024ರಲ್ಲಿ ವಕೀಲೆ ಫಿಯೋನ ಸ್ಕೋಲ್ಡಿಂಗ್ ಅವರ ಸ್ವತಂತ್ರ ವರದಿ ಹೊರಬಂತು. ತೂಗುವ ಕೆಲಸ ಈ ಸಲ ಚಳವಳಿಯ ಗೆಳೆಯರ ಕೈಯಿಂದ ಹೊರಗಿನವರ ಕೈಗೆ ಹೋಗಿತ್ತು. ಕ್ಯಾನ್ಸಸ್ ಸಿಟಿಯಲ್ಲಿ 2004ರಲ್ಲಿ ಇಲ್ಲದಿದ್ದದ್ದು ಇದೇ.

ನಮ್ಮ ಮನೆಯ ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ ಅಜ್ಜಿ ಚಾಪೆಯ ಮೇಲೆ ಕೂತು ಅನ್ಯಭಾಷೆಯಲ್ಲಿ ಪ್ರಾರ್ಥಿಸುತ್ತಿದ್ದದ್ದು ನನಗೆ ನೆನಪಿದೆ. ಆಕೆ ಹೋಗುತ್ತಿದ್ದ ಸಭೆಯ ಕಟ್ಟಡ ನಿಧಿಯ ಲೆಕ್ಕ ಕೇಳಿದವರಿಗೆ ಪಾಸ್ಟರು ಕೊಟ್ಟ ಉತ್ತರ, ಅಭಿಷಿಕ್ತರ ಮೇಲೆ ಕೈಹಾಕಬೇಡಿ. ಈ ಮಾತಿನ ಮೂಲ 105ನೆಯ ಕೀರ್ತನೆ. ಅಲ್ಲಿ ಅಭಿಷಿಕ್ತರೆಂದರೆ ನೆಲೆಯಿಲ್ಲದೆ ದೇಶದಿಂದ ದೇಶಕ್ಕೆ ಅಲೆಯುತ್ತಿದ್ದ ಕೆಲವೇ ಮಂದಿ. ಎಚ್ಚರಿಕೆ ಕೊಟ್ಟದ್ದು ಅವರನ್ನು ಹಿಂಸಿಸಬಲ್ಲ ಅರಸರಿಗೆ. ಬಲವಿಲ್ಲದವರ ರಕ್ಷಣೆಗೆ ಇದ್ದ ವಚನವನ್ನು ಬಲವಿದ್ದವರು ತಮ್ಮ ಬಾಗಿಲಿಗೆ ಅಗಳಿ ಮಾಡಿಕೊಂಡರು. ದಾವೀದನೂ ಅಭಿಷಿಕ್ತನೇ, ನಾತಾನ ಅವನ ಅರಮನೆಗೇ ಹೋಗಿ ಮುಖಕ್ಕೆ ಹೇಳಿದ. ಅಜ್ಜಿ ಆ ಸಭೆಗೆ ಮತ್ತೆ ಕಾಲಿಡಲಿಲ್ಲ. ಪ್ರಾರ್ಥಿಸುವುದನ್ನೂ ಬಿಡಲಿಲ್ಲ. ಆಕೆಗೆ ವರ ಕೊಟ್ಟವರು ಪಾಸ್ಟರಲ್ಲವಾದ್ದರಿಂದ, ಅವರ ಸಭೆ ಬಿಟ್ಟಾಗ ಅದೂ ಬಿಟ್ಟುಹೋಗುವ ಪ್ರಶ್ನೆಯೇ ಆಕೆಗೆ ಹುಟ್ಟಲಿಲ್ಲ.

ಕೂಟಗಳಿಗೆ ಹೋಗುವ ಓದುಗರಲ್ಲಿ ಒಂದು ಕೋರಿಕೆ. ಯಾರಾದರೂ ‘ದೇವರು ನಿಮ್ಮ ಬಗ್ಗೆ ನನಗೆ ತೋರಿಸಿದರು’ ಎಂದರೆ ಆ ಮಾತನ್ನು ತಾರೀಖು ಹಾಕಿ ಬರೆದಿಡಿ, ಹೇಳಿದವರ ಬಳಗಕ್ಕೆ ಸೇರದ ಇಬ್ಬರಿಗೆ ಓದಿ ತೋರಿಸಿ. ಇದನ್ನು ಯಾರಿಗೂ ಹೇಳಬೇಡಿ ಎಂದು ಅವರು ಸೇರಿಸಿದ್ದರೆ, ಅದೇ ದಿನ ಓದಿ ತೋರಿಸಿ.